ಹೊಳೆಯ ಗೆರೆ ಹಿಡಿದು ಜೋಡಿಸಿದ ಪಾಕೀಟುಗಳು

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ನಾಲ್ಕು ಟ್ರಂಕುಗಳಲ್ಲಿದ್ದ ಹಳೆಯ ಪಾಕೀಟುಗಳನ್ನೆಲ್ಲ ಹೊರಗೆ ತೆಗೆದೆ. ಒಳಗಿದ್ದ ಫೋಟೋಗಳ ಮುಖದ ಮೇಲಿನ ಮಣ್ಣನ್ನು ಒದ್ದೆ ಅರಳೆಯಿಂದ ಒರೆಸಿದೆ. ದೋಣಿಗಳದ್ದೊಂದು ಕಟ್ಟು, ಮನುಷ್ಯರದ್ದೊಂದು ಕಟ್ಟು, ಬರೀ ನೀರು ಮತ್ತು ಆಕಾಶ ಇದ್ದವುಗಳದ್ದೊಂದು ಕಟ್ಟು ಮಾಡಿ ಹೊಸ ಬಿಳಿ ಪಾಕೀಟುಗಳಿಗೆ ಹಾಕಿದೆ. ಪ್ರತಿ ಪಾಕೀಟಿನಲ್ಲೂ ಕೈಬರಹದ ಒಂದು ಚೀಟಿ ಇತ್ತು. ಅವನ್ನೆಲ್ಲ ಒಟ್ಟುಮಾಡಿ ಒಂದು ಬಿಸ್ಕೀಟು ಡಬ್ಬಿಯಲ್ಲಿ ತುಂಬಿದೆ. ಎಂಟು ದಿನ ಹಿಡಿಯಿತು. ಮುಗಿದ ದಿನ ಪಡಸಾಲೆಯಲ್ಲಿ ಸಾಲಾಗಿ ನಿಂತ ಬಿಳಿ ಕಟ್ಟುಗಳನ್ನು ನೋಡಿ ನನಗೆ ಹಿಗ್ಗು. ಕಾನ್ವೆಂಟಿನಲ್ಲಿ ಸಿಸ್ಟರ್ ಪ್ರತಿ ಶನಿವಾರ ನಮ್ಮ ಡೆಸ್ಕು ತೆರೆಸಿ ನೋಡುತ್ತಿದ್ದರು. ನನ್ನದನ್ನು ನೋಡಿ ಒಮ್ಮೆಯೂ ಬೈದವರಲ್ಲ.

ಆ ಟ್ರಂಕುಗಳು ನಮ್ಮ ಯಜಮಾನರ ದೊಡ್ಡಪ್ಪನವು. ರೋಣದಲ್ಲಿ ಹುಟ್ಟಿ, ಕರಾವಳಿಯ ಒಂದು ಬಂದರು ಕಚೇರಿಯಲ್ಲಿ ಕಾರಕೂನರಾಗಿ ಆಯುಷ್ಯ ಕಳೆದವರು. ಬಂದರಿಗೆ ಬಂದು ಹೋಗುವ ಹಾಯಿದೋಣಿಗಳ ಫೋಟೋ ತೆಗೆದರು. ದೋಣಿ ಕಟ್ಟುವುದು, ಹಾಯಿ ಹೊಲಿಯುವುದು, ಗಾಳಿ ನೋಡುವುದು ಇವುಗಳ ಬಗ್ಗೆ ದಪ್ಪನೆಯ ಪುಸ್ತಕ ಬರೆದರು. ಮದುವೆ ಮಾಡಿಕೊಳ್ಳಲಿಲ್ಲ. ನಿವೃತ್ತಿಯಾದ ಮೇಲೆ ನೀರು ಕಾಣದ ಊರಿನಲ್ಲಿ ನಿದ್ದೆ ಬರುವುದಿಲ್ಲವೆಂದು ಹೊಳೆಆಲೂರಿನಲ್ಲಿ ಮನೆ ಹಿಡಿದರು. ಅವರು ತೀರಿಕೊಂಡ ಮರುವರ್ಷ ಮಲಪ್ರಭೆ ಊರೊಳಗೆ ಬಂದು, ಬೀಗ ಹಾಕಿದ್ದ ಆ ಮನೆಯಲ್ಲಿ ಎರಡು ದಿನ ನಿಂತಳು. ನೀರು ಇಳಿದ ಮೇಲೆ ಟ್ರಂಕುಗಳು ರೋಣಕ್ಕೆ, ನಮ್ಮ ಮನೆಗೆ ಬಂದವು. ಮನೆ ಮತ್ತು ಅದರೊಳಗಿನ ಸಾಮಾನನ್ನು ಅವರು ನಮ್ಮ ಅತ್ತೆಯ ಹೆಸರಿಗೆ ಬರೆದಿದ್ದರು. ಹತ್ತು ವರ್ಷ ಅವರಿಗೆ ಬುತ್ತಿ ಕಟ್ಟಿ ಕಳಿಸಿದವರು ಅತ್ತೆಯೇ.

ಧಾರವಾಡದ ಒಂದು ಸಂಗ್ರಹಾಲಯದವರು, ಪಟ್ಟಿ ಮಾಡಿ ಅತ್ತೆಯ ಸಹಿ ಹಾಕಿಸಿ ಕೊಟ್ಟರೆ ಎಲ್ಲವನ್ನೂ ಜೋಪಾನ ಮಾಡುತ್ತೇವೆ ಎಂದು ಕಾಗದ ಬರೆದರು. ರೋಣದ ಪೇಟೆಯಲ್ಲಿ ಕಾಳಿನ ಅಡತಿ ಅಂಗಡಿ ಇಟ್ಟಿರುವ ನಮ್ಮ ಭಾವನವರು, ಯಜಮಾನರ ಅಣ್ಣ, ಆ ಕಾಗದವನ್ನು ನನ್ನ ಕೈಗೆ ಕೊಟ್ಟು, "ತಂಗಿ, ನಿನ್ನ ಅಕ್ಷರ ಚಲೋ ಅದಾವು, ನೀನ ಮಾಡು" ಅಂದರು. ಅದು ಅವರು ಈ ವಿಷಯದಲ್ಲಿ ಆಡಿದ ಕಡೆಯ ಒಳ್ಳೆಯ ಮಾತು.

ಸಂಗ್ರಹಾಲಯದ ಅಧಿಕಾರಿ ಬಂದವರು ಚಹಾ ಮುಟ್ಟಲಿಲ್ಲ. ಬಿಳಿ ಕಟ್ಟುಗಳನ್ನು ಒಂದೊಂದಾಗಿ ನೋಡಿದರು. ಬಿಸ್ಕೀಟು ಡಬ್ಬಿಯ ಮುಚ್ಚಳ ತೆಗೆದವರು ಅಲ್ಲಿಯೇ ಕೂತುಬಿಟ್ಟರು.

"ಇದನ್ನ ಹಿಂಗ ಮಾಡಂತ ನಿಮಗ ಯಾರು ಹೇಳಿದ್ರಿ, ಅಕ್ಕಾರ?"

"ಯಾರೂ ಹೇಳಿಲ್ರಿ ಸರ್. ಭಾಳ ಹೊಲಸಾಗಿದ್ವು, ಅದಕ್ಕ..."

"ಹೊಲಸಿದ್ರ ಇರ್ಲಿ ಬಿಡಬೇಕಿತ್ರಿ! ಯಾವುದರ ಮಗ್ಗಲಕ ಯಾವುದಿತ್ತು ಅನ್ನೂದನ್ನ ಇನ್ನ ಯಾರಿಗೆ ಕೇಳೋಣು? ಸತ್ತವರಿಗೆ ಕೇಳೋಣೇನು?"

ಎರಡು ಚೀಟಿ ಎತ್ತಿ ನನ್ನ ಮುಂದೆ ಹಿಡಿದರು. ಮೇಲೆ ಹಾಯಿಯ ಬಟ್ಟೆಯ ಬಗ್ಗೆ ನಾಲ್ಕು ಸಾಲು. ಕೆಳಗೆ, ಹೇಳಿದವರು: ಸದರಿ. ಇನ್ನೊಂದರಲ್ಲೂ ಹಾಗೆಯೇ, ಹೇಳಿದವರು: ಸದರಿ. ಬಂದರು ಕಚೇರಿಯ ರಿಜಿಸ್ಟರಿನಲ್ಲಿ ಒಂದೇ ದೋಣಿ ಮತ್ತೆ ಮತ್ತೆ ಬಂದರೆ ಹೆಸರು ಬರೆಯದೆ ಸದರಿ ಎಂದು ಬರೆಯುವ ರೂಢಿಯಂತೆ. ದೊಡ್ಡಪ್ಪನವರು ಮನೆಗೂ ಅದೇ ಚಟ ತಂದಿದ್ದರು. ಒಬ್ಬರ ಹತ್ತಿರ ಕೂತು ಬರೆದುಕೊಳ್ಳುವಾಗ ಮೊದಲ ಚೀಟಿಗೆ ಮಾತ್ರ ಹೇಳಿದವರ ಗುರುತು ಮತ್ತು ಮಾಸ. ಮುಂದಿನ ಇಪ್ಪತ್ತು, ಐವತ್ತು, ನೂರು ಚೀಟಿಗೆ ಸದರಿ.

"ಸದರಿ ಅಂದ್ರ ಹಿಂದಿನ ಚೀಟಿಯೊಳಗಿನ ಮನಿಶ್ಯಾರಿ. ಹಿಂದಿನ ಚೀಟಿ ಯಾವುದು? ಹೇಳ್ರಿ ನೋಡೋಣು."

ಬಾಗಿಲಲ್ಲಿ ನಿಂತಿದ್ದ ಭಾವನವರು ನಕ್ಕರು. "ಇಂಗ್ಲಿಷ್ ಸಾಲಿ ಕಲಿತಾಕಿ ಕೈಯಾಗ ಕೊಟ್ರ ಮನಿ ಚೊಕ್ಕ ಆಗ್ತೈತ್ರಿ ಸಾಹೇಬ್ರ. ಬ್ಯಾರೆ ಏನಾಗ್ತೈತಿ?"

ಅಧಿಕಾರಿ ಹೋಗುವಾಗ ಇನ್ನೊಂದು ಸುದ್ದಿ ಬಿಟ್ಟುಹೋದರು. ಆ ಬಂದರಿನ ಒಬ್ಬ ತಾಂಡೇಲರ, ಅಂದರೆ ಹಾಯಿದೋಣಿ ನಡೆಸುತ್ತಿದ್ದ ಮುಖ್ಯಸ್ಥರ ಮಗಳು ಸಂಗ್ರಹಾಲಯಕ್ಕೆ ಕಾಗದ ಬರೆದಿದ್ದರಂತೆ. ಪುಸ್ತಕದ ಅರ್ಧ ತನ್ನ ತಂದೆ ಬಾಯಿಬಿಟ್ಟು ಹೇಳಿದ್ದು, ಅವರ ಹೆಸರಿಲ್ಲದೆ ಏನನ್ನೂ ಇಟ್ಟುಕೊಳ್ಳಬೇಡಿ ಎಂದು.

ನಾಲ್ಕು ದಿನಕ್ಕೆ ಆಕೆಯೇ ಬಂದರು. ಅರವತ್ತು ದಾಟಿದ ಹೆಂಗಸು. ಗದಗಿನಿಂದ ಬಸ್ಸಿನಲ್ಲಿ ನಿಂತೇ ಬಂದಿದ್ದರು. ಸೀರೆಯ ನೆರಿಗೆ ಮಾತ್ರ ಕದಲಿರಲಿಲ್ಲ. ಚಾಪೆ ಹಾಸಿದೆ, ಕೂಡಲಿಲ್ಲ. ಚೀಲದಿಂದ ಪುಸ್ತಕ ತೆಗೆದರು. ತಿರುವಿ ತೋರಿಸಿದರು, ಹಾಯಿ ಹೊಲಿಯುವ, ಮೀನೆಣ್ಣೆ ಬಳಿಯುವ ಪುಟಗಳ ಅಂಚಿನಲ್ಲೆಲ್ಲ ಪೆನ್ಸಿಲಿನ ಗುರುತು.

"ಇಲ್ಲಿ ನೋಡಿ. 'ಬಂದರಿನ ಜನರಿಗೆ' ಅಂತ ಅರ್ಪಣೆ ಮಾಡಿದ್ದಾರೆ. ಜನ ಅಂದ್ರೆ ಯಾರು? ನಮ್ಮ ಜಗಲಿ ಮೇಲೆ ಎಷ್ಟು ವರ್ಷ ಕೂತು ಬರ್ಕೊಂಡ್ರು ಇವರು! ನಾನು ಸಣ್ಣೋಳು, ಅವರ ಶಾಯಿ ಬಾಟ್ಲಿ ಹಿಡ್ಕೊಂಡು ಕೂತವಳು. ನಂಗೆ ಬೇರೆ ಎಂತದೂ ಬೇಡ. ನನ್ನ ಅಪ್ಪನ ಹೆಸರು ನಿಮ್ಮ ಪಟ್ಟಿಯಲ್ಲಿ ಬರಬೇಕು."

ಭಾವನವರು ಜೋಕಾಲಿಯಿಂದ ಇಳಿಯದೆಯೇ ಉತ್ತರ ಕೊಟ್ಟರು. "ಫೋಟೋ ತಗದಾಂವ ನಮ್ಮ ದೊಡ್ಡಪ್ಪ, ಬರದಾಂವ ನಮ್ಮ ದೊಡ್ಡಪ್ಪ. ಹೇಳಿದವರೆಲ್ಲಾ ಪುಸ್ತಕ ಬರದವರಾದ್ರ, ನಮ್ಮ ಅಂಗಡ್ಯಾಗ ಚೀಲ ಹೊರೋ ಹಮಾಲರೆಲ್ಲಾ ಸಾಹುಕಾರ್ರ ಆಗಬೇಕಲ್ರಿ!"

"ನಿಮ್ಮ ದೊಡ್ಡಪ್ಪಂಗೆ ದೋಣಿ ಹತ್ತಿದ್ರೆ ವಾಂತಿ ಬರ್ತಿತ್ತು. ಅದು ಗೊತ್ತುಂಟಾ ನಿಮಗೆ?" ಎಂದ ಆಕೆ ನನ್ನ ಕಡೆ ತಿರುಗಿದರು. "ಪಾಕೀಟಿನೊಳಗೆ ಚೀಟಿ ಇಡ್ತಿದ್ರು. ನಾನೇ ಕಣ್ಣಾರೆ ನೋಡಿದ್ದೇನೆ. ತೆಗೆದು ತೋರಿಸಿ."

ನಾನು ಬಿಸ್ಕೀಟು ಡಬ್ಬಿ ತಂದು ತೋರಿಸಿದೆ. ನಡೆದದ್ದನ್ನೂ ಹೇಳಿದೆ. ಆಕೆ ಬಹಳ ಹೊತ್ತು ಡಬ್ಬಿಯನ್ನು ನೋಡಿದರು, ಆಮೇಲೆ ನನ್ನನ್ನು.

"ಬೇಕಂತಲೇ ಮಾಡಿದ್ರಾ?"

ಇಲ್ಲ ಎಂದೆ. ಆಕೆ ನೀರನ್ನೂ ಕುಡಿಯದೆ ಮೆಟ್ಟಿಲಿಳಿದರು. ಒಳಗಿನಿಂದ ಅತ್ತೆ, "ಸಣ್ಣಾಕಿ, ಯಾರ ಬಂದಿದ್ರು? ಹಿಂಗ್ಯಾಕ ಒದರಿದ್ಲು?" ಅಂದರು. ನಾನು ಡಬ್ಬಿ ಎತ್ತಿಕೊಂಡು ಕೋಣೆಗೆ ಹೋದೆ. ಮದುವೆಯಾಗಿ ಬಂದ ಮೇಲೆ ಅತ್ತೆಗೆ ಉತ್ತರ ಕೊಡದೆ ಇದ್ದದ್ದು ಅದೇ ಮೊದಲು.

ಹಳೆಯ ಖಾಲಿ ಪಾಕೀಟುಗಳನ್ನು ರದ್ದಿಯವನಿಗೆಂದು ಕಟ್ಟಿ ಹಿತ್ತಲ ಬಾಗಿಲಿಗೆ ಇಟ್ಟಿದ್ದೆ. ಅವನು ಎರಡು ವಾರದಿಂದ ಬಂದಿರಲಿಲ್ಲ. ಮರುದಿನ ಅವನ ಕೂಗು ಕೇಳಿ ಕಟ್ಟು ಎತ್ತಿಕೊಂಡವಳು, ಬಿಸಿಲಿನಲ್ಲಿ ಅದರ ಪಕ್ಕೆ ನೋಡಿ ನಿಂತೆ. ಪ್ರತಿ ಪಾಕೀಟಿನ ಮೇಲೂ ಎರೆಮಣ್ಣಿನ ಕಪ್ಪು ಗೆರೆ. ಹೊಳೆ ನೀರು ಎಲ್ಲಿಯವರೆಗೆ ನಿಂತಿತ್ತೋ ಅಲ್ಲಿಯವರೆಗೆ. ಆದರೆ ಗೆರೆ ಎಲ್ಲದರ ಮೇಲೂ ಒಂದೇ ಎತ್ತರದಲ್ಲಿರಲಿಲ್ಲ. ಒಂದರಲ್ಲಿ ತಳದಿಂದ ನಾಲ್ಕು ಬೆರಳು, ಇನ್ನೊಂದರಲ್ಲಿ ಹೆಚ್ಚುಕಡಿಮೆ ಬಾಯಿಯವರೆಗೆ.

"ರದ್ದಿ ಇಲ್ಲಪಾ ಇವತ್ತ" ಅಂದೆ.

"ಕೈಯಾಗ ಹಿಡಕೊಂಡ ನಿಂತೀರಲ್ರಿ ಅವ್ವಾರ!"

"ಇದು ರದ್ದಿ ಅಲ್ಲ."

ಟ್ರಂಕುಗಳನ್ನು ತಂದಾಗ ನಾನೂ ಹೊಳೆಆಲೂರಿಗೆ ಹೋಗಿದ್ದೆ. ಅವನ್ನು ಇಟ್ಟಿಗೆಯ ಮೇಲೆ ಇಟ್ಟಿದ್ದರು. ಒಂದು ಕಡೆಯ ಇಟ್ಟಿಗೆ ಕುಸಿದು ಟ್ರಂಕುಗಳು ವಾಲಿಕೊಂಡಿದ್ದವು. ಪಾಕೀಟುಗಳು ಒಳಗೆ ಒಂದರ ಬೆನ್ನಿಗೆ ಒಂದು ನೆಟ್ಟಗೆ ನಿಂತಿದ್ದವು. ಟ್ರಂಕು ವಾಲಿದರೂ ನೀರು ಮಟ್ಟವಾಗಿಯೇ ನಿಲ್ಲುತ್ತದೆ. ಹಾಗಾದರೆ ತಗ್ಗಿನ ಕಡೆಯ ಪಾಕೀಟಿಗೆ ಗೆರೆ ಎತ್ತರ, ಏರಿನ ಕಡೆಯದಕ್ಕೆ ಕೆಳಗೆ. ಗೆರೆಯ ಎತ್ತರ ಅಳೆದರೆ ಅವು ನಿಂತಿದ್ದ ಸಾಲು ಸಿಗುತ್ತದೆ. ಪಾಕೀಟಿನೊಳಗಿನ ಚೀಟಿಯೂ ಅದೇ ನೀರಿನಲ್ಲಿ ನೆನೆದದ್ದು. ಅದರ ಮೇಲಿನ ಗೆರೆ ಯಾವ ಪಾಕೀಟಿನ ಗೆರೆಗೆ ಕೂಡುತ್ತದೋ ಅದೇ ಅದರ ಮನೆ. ಫೋಟೋಗಳ ಮುಖವನ್ನು ನಾನು ಒರೆಸಿದ್ದೆ, ಪುಣ್ಯಕ್ಕೆ ಬೆನ್ನು ಒರೆಸಿರಲಿಲ್ಲ.

ಮರುದಿನದಿಂದ ಹಳೆಯ ಧೋತರ ಹರಿದು ಕೈಗವಸು ಹೊಲಿದುಕೊಂಡು ಕೂತೆ. ಮೊದಲು ಯಾವ ಪಾಕೀಟು ಯಾವ ಟ್ರಂಕಿನದೆಂದು ಬೇರೆಮಾಡಿದೆ; ಟ್ರಂಕುಗಳ ಮೇಲೆ ದೊಡ್ಡಪ್ಪನವರೇ ನಂಬರು ಹಾಕಿದ್ದರು. ಒಂದೊಂದು ಟ್ರಂಕಿನ ತುಕ್ಕಿನ ಬಣ್ಣ ಒಂದೊಂದು. ಪಾಕೀಟಿನ ತಳದಲ್ಲಿ ಅದು ಹತ್ತಿತ್ತು. ಆಮೇಲೆ ಸ್ಕೇಲು ಹಿಡಿದು ಪ್ರತಿಯೊಂದರ ಎಡ ಅಂಚು, ಬಲ ಅಂಚು ಅಳೆದು ಮೆತ್ತನೆಯ ಪೆನ್ಸಿಲಿನಿಂದ ಮೂಲೆಯಲ್ಲಿ ಬರೆದೆ. ಅಳತೆ ಒಂದೇ ಬಂದಾಗ ಕಲೆ ನೋಡಿದೆ. ಪಕ್ಕಪಕ್ಕ ನಿಂತವುಗಳಲ್ಲಿ ಒಂದರ ಮುಖದ ಕಲೆ ಇನ್ನೊಂದರ ಬೆನ್ನಿನ ಮೇಲೆ, ರೊಟ್ಟಿಯ ಸುಟ್ಟ ಚುಕ್ಕೆ ಹಂಚಿನ ಮೇಲೆ ಉಳಿದಂತೆ, ತಿರುವುಮುರುವಾಗಿ ಮೂಡಿತ್ತು. ಅಂಟಿಕೊಂಡವನ್ನು ಕೀಳಲಿಲ್ಲ, ಹಾಗೆಯೇ ಬಿಟ್ಟೆ. ಕೆಲವು ನೆಗೆಟಿವ್ ಮುದುರಿ ಹುಳಿ ವಾಸನೆ ಹೊಡೆಯುತ್ತಿದ್ದವು. ಅಧಿಕಾರಿಗೆ ಫೋನು ಮಾಡಿ ಕೇಳಿದೆ. "ಅವನ್ನ ಬ್ಯಾರೆ ಇಡ್ರಿ, ಕಾಗದದಾಗ. ಪ್ಲಾಸ್ಟಿಕ್ಕಿನ್ಯಾಗ ಹಾಕಿದ್ರ ನಾ ಬಂದು ಜಗಳಾ ಮಾಡ್ತೀನಿ" ಎಂದು ಫೋನಿಟ್ಟರು.

ಆಷಾಢದ ಗಾಳಿ ಶುರುವಾಗಿತ್ತು. ಒಂದು ಮಧ್ಯಾಹ್ನ ಅತ್ತೆ ಹಿತ್ತಲ ಬಾಗಿಲು ತೆರೆದಿಟ್ಟರು. ಮೂರು ದಿನ ಹಚ್ಚಿದ ಸಾಲು ಕಣ್ಣೆದುರಿಗೇ ಎದ್ದು ಪಡಸಾಲೆಯ ತುಂಬ ಹಾರಿತು. ಅತ್ತೆ ಬಾಗಿಲು ಮುಚ್ಚಲೂ ಇಲ್ಲ. "ಸತ್ತಾಂವನ ಅರಿಬಿ ಒಗ್ಯಾಕ ನಿಂತಾಳ, ಸತ್ತಾಂವನ ಅರಿಬಿ" ಎನ್ನುತ್ತ ಅಡುಗೆಮನೆಗೆ ಹೋದರು. ಅಳತೆ ಬರೆದಿದ್ದರಿಂದ ಅದನ್ನು ಎರಡೇ ದಿನದಲ್ಲಿ ಮತ್ತೆ ಹಚ್ಚಿದೆ. ಅದರ ಮರುದಿನ ಹಮಾಲರು ಬಂದು ಪಡಸಾಲೆಯಲ್ಲಿ ಕಡಲೆ ಚೀಲ ಇಳಿಸತೊಡಗಿದರು. "ಸಾಹುಕಾರ್ರು ಹೇಳ್ಯಾರ್ರೀ ಅವ್ವಾರ, ನಮ್ಮದೇನೈತಿ" ಎಂದು ಅವರು ನೆಲ ನೋಡಿದರು. ನಾನು ಪಾಕೀಟುಗಳನ್ನು ಸಾಲು ಕೆಡದಂತೆ ಸೆರಗಿನಲ್ಲಿ ಹೊತ್ತು ನಮ್ಮ ಮಲಗುವ ಕೋಣೆಗೆ ಸಾಗಿಸಿದೆ. ನರಗುಂದದ ಕಚೇರಿಯಿಂದ ಸಂಜೆ ಬಂದ ನಮ್ಮವರು ಬಾಗಿಲಲ್ಲೇ ನಿಂತು ಮಂಚ ನೋಡಿದರು.

"ಹಾಸಿಗಿ ಮ್ಯಾಲ ಸಮುದ್ರ ಹರವೀಯಲ್ಲ, ನಾ ಎಲ್ಲಿ ಮಲಗ್ಲಿ?"

"ಮಾಳಗಿ ಮ್ಯಾಲ."

"ಬಿಟ್ಟುಬಿಡ ಮಾರಾಯ್ತಿ. ಅಣ್ಣಾನ ಕೂಡ ಯಾಕ ಹಗಿ ಕಟ್ಟಗೊಳ್ತಿ?"

ಬಿಡಬಹುದಿತ್ತು. ನನ್ನನ್ನು ಹಿಡಿದಿದ್ದುದು ದೊಡ್ಡ ವಿಚಾರವೇನಲ್ಲ. ಬೇಕಂತಲೇ ಮಾಡಿದ್ರಾ ಎಂದು ಕೇಳಿದಾಗ ಆ ಹೆಂಗಸಿನ ಕೈ ಪುಸ್ತಕವನ್ನು ಎದೆಗೆ ಒತ್ತಿಕೊಂಡದ್ದು ಕಣ್ಣಿಗೆ ಕಟ್ಟಿತ್ತು. ಅವರ ತಂದೆಯನ್ನು ಬಿಸ್ಕೀಟು ಡಬ್ಬಿಗೆ ಹಾಕಿದವಳು ನಾನು. ತೆಗೆಯಬೇಕಾದವಳೂ ನಾನೇ.

ಎರಡನೆಯ ಟ್ರಂಕಿನಲ್ಲಿ ತಾಂಡೇಲರು ಸಿಕ್ಕರು. ಒಂದು ಚೀಟಿ: ಹೇಳಿದವರು, ತಾಂಡೇಲರು. ಶ್ರಾವಣ. ಅದರ ಹಿಂದೆ ನಲವತ್ತರಷ್ಟು ಸದರಿ. ಗಾಳಿಯ ಹೆಸರುಗಳು, ರಾತ್ರಿ ನಕ್ಷತ್ರ ಹಿಡಿದು ಹೋಗುವ ದಾರಿ. ನಾನು ಒಬ್ಬಳೇ ಕೂತು ನಕ್ಕುಬಿಟ್ಟೆ. ಅವರ ಮಗಳಿಗೆ ಆಗಲೇ ಫೋನು ಮಾಡಬೇಕೆನ್ನಿಸಿತು. ಮುಂದಿನದನ್ನೂ ಜೋಡಿಸಿಯೇ ಮಾಡೋಣವೆಂದು ತಡೆದೆ.

ಮುಂದೆ ಇನ್ನೊಂದು ಗುರುತಿನ ಚೀಟಿ ಬಂತು: ಹೇಳಿದವರು, ತಾಂಡೇಲರ ಹೆಂಡತಿ. ಮಾಘ. ಅದರ ಹಿಂದೆ ಸದರಿ, ಸದರಿ, ಸದರಿ. ಆ ಟ್ರಂಕು ಮುಗಿದು ಮೂರನೆಯದೂ ಮುಗಿಯುವವರೆಗೆ ಬೇರೆ ಯಾರ ಗುರುತೂ ಇಲ್ಲ. ಮುನ್ನೂರಕ್ಕೂ ಮೇಲೆ. ನಮ್ಮ ಮನೆಯಲ್ಲಿದ್ದ ಪುಸ್ತಕದ ಪ್ರತಿ ತೆರೆದು ಹೋಲಿಸಿದೆ. ಹಾಯಿ ಹೊಲಿಯುವುದು, ಹಲಗೆ ಸಂದಿಗೆ ಹತ್ತಿ ತುಂಬುವುದು, ದೋಣಿಯ ಮೈಗೆ ಮೀನೆಣ್ಣೆ ಬಳಿಯುವುದು, ದೂರದ ಪಯಣಕ್ಕೆ ನೀರು ಮತ್ತು ಅಕ್ಕಿ ತುಂಬುವುದು, ಇವೆಲ್ಲ ಅಲ್ಲಿಂದಲೇ ಬಂದಿದ್ದವು. ಮಗಳು ಪೆನ್ಸಿಲಿನಿಂದ ಗುರುತು ಮಾಡಿದ್ದ ಪುಟಗಳಲ್ಲಿ ಹೆಚ್ಚಿನವು ತಂದೆಯ ಮಾತಲ್ಲ.

ನನ್ನ ಜೋಡಣೆಯೇ ತಪ್ಪಿರಬಹುದೆಂದು ಮತ್ತೊಮ್ಮೆ ಅಳೆದೆ. ಗೆರೆ ತಪ್ಪಿರಲಿಲ್ಲ. ಆಮೇಲೆ ಫೋಟೋಗಳನ್ನು ನೋಡಿದೆ. ಆ ಸಾಲಿನ ಎಷ್ಟೋ ಫೋಟೋಗಳ ಎಡಕ್ಕೆ ಬಾಗಿಲ ಚೌಕಟ್ಟಿನ ಅಂಚು ಬಂದಿತ್ತು. ಅದೇ ಚೌಕಟ್ಟು, ಅದೇ ಬಿರುಕು. ಮನೆಯ ಜಗಲಿಯ ಮೇಲೆ ಕೂತೇ ತೆಗೆದವು. ಅಂಗಳದ ತುಂಬ ಹಾಯಿ ಹರಡಿದೆ, ಹೊಲಿಯುವ ಎರಡು ಕೈ ಇವೆ. ಬಳೆಯ ಕೈ.

ಅಧಿಕಾರಿಯನ್ನೂ ಮಗಳನ್ನೂ ಒಂದೇ ದಿನ ಕರೆಸಿದೆ. ಅಧಿಕಾರಿ ಒಂದು ಗಂಟೆ ಗೆರೆಗಳನ್ನು ತಾವೇ ಅಳೆದು, "ಸರಿ ಐತಿ" ಎಂದಷ್ಟೇ ಹೇಳಿದರು. ಮಗಳು ಮಾಘದ ಚೀಟಿ ಓದಿ ಅದನ್ನು ಮಂಚದ ಮೇಲೆ ಬಿಟ್ಟುಬಿಟ್ಟರು.

"ಇದು ಸುಳ್ಳು. ಅಮ್ಮ ಒಂದು ದಿನ ದೋಣಿ ಹತ್ತಿದವಳಲ್ಲ. ಗಂಡಸರ ಎದುರು ಜಗಲಿಗೇ ಬರ್ತಿರಲಿಲ್ಲ. ನನ್ನ ಅಪ್ಪನ ಹೆಸರು ತಪ್ಪಿಸ್ಲಿಕ್ಕೆ ನೀವು ಮಾಡಿದ ಆಟ ಇದು."

"ನಿಮ್ಮ ತಂದಿಯವರ ಹೆಸರು ನಲವತ್ತು ಕಡೆ ಬರದೇನ್ರಿ. ಒಂದ್ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಮಾಘ ಮಾಸದಾಗ ಅವರು ಎಲ್ಲಿರ್ತಿದ್ರು?"

"ಎಲ್ಲಿ ಅಂದ್ರೆ? ದೋಣಿ ಮೇಲೆ. ಮಳೆಗಾಲ ಬಿಟ್ರೆ ಅಪ್ಪ ಮನೆಗೆ ಎಲ್ಲಿ ಬರ್ತಿದ್ದ..."

ಆಕೆಯ ಕಣ್ಣು ಮಾಘದ ಚೀಟಿಯ ಮೇಲೆ ಹೋಯಿತು. ಹೊರಗೆ ಯಾರೋ ಚೀಲ ಎಳೆಯುತ್ತಿದ್ದ ಸದ್ದು. ಆಕೆ ಎದ್ದು ಚಪ್ಪಲಿ ಮೆಟ್ಟಿದರು. ಅವರ ತಾಯಿಯ ಹೆಸರು ಚೀಟಿಯಲ್ಲಿರಲಿಲ್ಲ, ಹೆಂಡತಿ ಎಂದಷ್ಟೇ ಇತ್ತು. ನಾನು ಹಿಂದೆಯೇ ಹೋಗಿ, "ನಿಮ್ಮ ತಾಯಿಯವರ ಹೆಸರು ಏನ್ರಿ?" ಎಂದು ಕೇಳಿದೆ.

"ಅದನ್ನೂ ಹೊಳೆಗೇ ಕೇಳಿ" ಎಂದು ಹೋದರು.

ಭಾವನವರಿಗೆ ಈಗ ಹೊಸ ಸಿಟ್ಟು. ತಾಂಡೇಲರ ಹೆಸರಾದರೆ ಬೇಕಾದರೆ ಬರಲಿ ಎನ್ನುವಷ್ಟಕ್ಕೆ ಅವರು ಬಂದಿದ್ದರು. "ಅಡಗಿ ಮಾಡೋ ಹೆಣಮಗಳು ಹೇಳಿದ್ದನ್ನ ದೊಡ್ಡಪ್ಪ ಬರಕೊಂಡಾನಂತ ಊರಾಗ ಡಂಗುರ ಹೊಡಸ್ತೀಯೇನು? ಅವ್ವ ಸಹಿ ಮಾಡೂದಿಲ್ಲ. ಮಾಡೂದಿಲ್ಲಂದ್ರ ಮಾಡೂದಿಲ್ಲ."

ಅತ್ತೆ ಒಳಗೆ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದವರು ಹೊರಗೆ ಬಂದರು. ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಚೀಲದ ಸಂದಿಯಲ್ಲಿ ಮೈ ಓರೆಮಾಡಿ ಬಂದು ಮಗನ ಮುಂದೆ ನಿಂತರು.

"ನನ್ನ ಸಹಿ ನೀ ಯಾರು ಹೇಳಾಂವ? ನಾ ಕುಂದರೋ ಪಡಸಾಲ್ಯಾಗ ಕಡ್ಲಿ ತುಂಬಿದಿ, ಆಕಿ ಮಲಗೋ ಕ್ವಾಣ್ಯಾಗ ಟ್ರಂಕ ತುಂಬ್ಯಾಳ. ಇದು ಮನಿಯೋ ವಖಾರಿಯೋ? ಸಣ್ಣಾಕಿ, ಕಾಗದ ತಾ. ಇವು ನಾಳೆ ಮನಿ ಬಿಟ್ಟು ಹೋಗಬೇಕು."

ಸಹಿ ಮಾಡಿದರು. ಪೆನ್ನು ಹಿಂದೆ ಕೊಡುವಾಗ ನನ್ನ ಮುಖ ನೋಡಲಿಲ್ಲ. ಆ ತಿಂಗಳೆಲ್ಲ ಅತ್ತೆಯೂ ಭಾವನವರೂ ನನ್ನ ಜೊತೆ ಮಾತಾಡಲಿಲ್ಲ.

ಟ್ರಂಕುಗಳು ಹೋದವು. ಪಟ್ಟಿ ಮಾತ್ರ ನನ್ನ ಹತ್ತಿರ ಉಳಿಯಿತು. ಮುನ್ನೂರಕ್ಕೂ ಮೇಲಿನ ಸಾಲುಗಳಲ್ಲಿ ಹೇಳಿದವರು ಎಂಬ ಕಾಲಮು ಖಾಲಿ. ಅಧಿಕಾರಿಯದು ಫೋನಿನ ಮೇಲೆ ಫೋನು. "ತಾಂಡೇಲರ ಹೆಂಡತಿ ಅಂತ ಬರದು ಮುಗಸ್ರಿ ಅಕ್ಕಾರ. ಮೂಲ ಚೀಟಿಯೊಳಗ ಅಷ್ಟ ಐತಿ. ನಿಮಗ ಹೆಸರು ಯಾಕ ಬೇಕು?"

"ಹೆಸರು ಗೊತ್ತಿರೋರು ಒಬ್ಬರು ಇನ್ನೂ ಅದಾರ್ರಿ ಸರ್. ಅವರು ಹೇಳೋತನಕ ಕಳಸೂದಿಲ್ಲ."

"ಹಂಗಾದ್ರ ನಿಮ್ಮ ಪಟ್ಟಿ ಬರೂತನಕ ಟ್ರಂಕ ತೆರಿಯೂದಿಲ್ಲ ನಾವು. ಹಂಗ ಬಿದ್ದಿರ್ತಾವು."

"ಇರ್ಲಿ ಬಿಡ್ರಿ."

ಅಷ್ಟು ಗಟ್ಟಿಯಾಗಿ ಹೇಳಿದವಳು ನಾನೇ ಎಂದು ಫೋನಿಟ್ಟ ಮೇಲೆ ಹೆದರಿಕೆಯಾಯಿತು. ತಾಂಡೇಲರ ಮಗಳಿಗೆ ಎರಡು ಸಲ ಫೋನು ಮಾಡಿದೆ, ಎತ್ತಲಿಲ್ಲ. ಆ ಮುನ್ನೂರು ಚೀಟಿಗಳ ನಕಲು ನಾನು ಬರೆದಿಟ್ಟುಕೊಂಡಿದ್ದೆ. ಅದರ ಜೆರಾಕ್ಸು ಮಾಡಿಸಿ, ಜೊತೆಗೆ ಒಂದು ಸಾಲನ್ನೂ ಬರೆಯದೆ, ಅಂಚೆಗೆ ಹಾಕಿದೆ.

ಹಲವು ದಿನ ಕಳೆದವು. ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ. ಫೋನು ಬಂತು. ನಮಸ್ಕಾರವಿಲ್ಲ, ಹೇಗಿದ್ದೀರಿ ಇಲ್ಲ.

"ಹೆಸರು ಬೇಕಂದ್ರಲ್ಲ. ಅವಳಿಗೆ ಎರಡು ಹೆಸರು. ತೌರುಮನೆಯಲ್ಲಿ ಇಟ್ಟದ್ದೊಂದು. ಮದುವೆ ದಿನ ಅಪ್ಪನ ಮನೆಯವರು ಬದಲು ಮಾಡಿ ಇಟ್ಟದ್ದೊಂದು. ಯಾವುದು ಬರೀತೀರಿ?"

"ಯಾವ ಹೆಸರು ಹಿಡದು ಕರದ್ರ ಅವರು ಹೊಳ್ಳಿ ನೋಡ್ತಿದ್ರೋ, ಅದನ್ನ ಹೇಳ್ರಿ."

ಹಂಚಿನ ಮೇಲಿನ ರೊಟ್ಟಿ ಹೊತ್ತುತ್ತಿತ್ತು. ನಾನು ಒಲೆ ಆರಿಸಿದೆ.

"ಮನೆಯಲ್ಲಿ ಅವಳನ್ನ ಹೆಸರು ಹಿಡಿದು ಯಾರೂ ಕರೀತಿರಲಿಲ್ಲ. ಬಾವಿ ಹತ್ತಿರ ಹೆಂಗಸರು ಕರೀತಿದ್ರು. ತೌರಿನ ಹೆಸರೇ." ಆಮೇಲೆ ಹೆಸರು, ಊರು, ಮನೆತನ ಎಲ್ಲ ಹೇಳಿದರು. "ಅಪ್ಪನ ವಿಷಯದಲ್ಲಿ ನಿಮ್ಮ ಮೇಲೆ ನನ್ನ ಸಿಟ್ಟು ಹೋಗಿಲ್ಲ, ತಿಳ್ಕೊಳ್ಳಿ. ಬರೆದ್ರಾ?"

ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿ, ಪಟ್ಟಿ ತೆಗೆದು, ಮೊದಲ ಖಾಲಿ ಸಾಲಿನಲ್ಲಿ ಬರೆದೆ.

"ಬರದೇನ್ರಿ."

"ಓದಿ."

ಓದಿದೆ. ಮೊದಲು ಹೆಸರು, ಆಮೇಲೆ ಊರು, ಕೊನೆಗೆ ಮನೆತನದ ಹೆಸರು. ನನ್ನ ಗದಗ ಸೀಮೆಯ ನಾಲಿಗೆಯಲ್ಲಿ ಅದು ಹೇಗೆ ಕೇಳಿಸಿತೋ.

"ಇನ್ನೊಂದು ಸಲ ಓದಿ" ಅಂದರು.